ಅವ್ವನ ಮನೆಗೆ ಹದಿನಾರರ ಕೇಬಲ್

ಕರೆಂಟಿನ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ. ಇದು ಇವತ್ತಿನದಲ್ಲ. ಹುಬ್ಬಳ್ಳಿಯಲ್ಲಿ ನಾನು ವಿದ್ಯುತ್ ಇಲಾಖೆಯ ಇಂಜಿನಿಯರ್, ಸೆಕ್ಷನ್ ಆಫೀಸರ್ ಆಗಿದ್ದವನು. ಯಾವ ಬಡಾವಣೆಗೆ ಎಷ್ಟು ಲೋಡ್ ಬೇಕು, ಯಾವ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು ಎಂದು ಲೆಕ್ಕ ಹಾಕುವುದೇ ನನ್ನ ಕೆಲಸ. ನಾನು ಹೂಂ ಅನ್ನದೆ ನಮ್ಮ ಸೆಕ್ಷನ್ನಿನಲ್ಲಿ ಹಿಟ್ಟಿನ ಗಿರಣಿಯ ಮೋಟರು ತಿರುಗುತ್ತಿರಲಿಲ್ಲ. ನಲವತ್ತು ದಾಟುವ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪರವಾನಗಿ, ಪಿಆರ್, ಸಿಕ್ಕಿತೆಂದು ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು ಸಿಡ್ನಿಗೆ ಬಂದೆ. ಬಂದ ಮೇಲೆ ತಿಳಿಯಿತು, ಇಲ್ಲಿ ಲೈಸೆನ್ಸ್ ಇಲ್ಲದವನು ತನ್ನ ಸ್ವಂತ ಮನೆಯ ಸ್ವಿಚ್ಚನ್ನೂ ಬದಲಿಸುವಂತಿಲ್ಲ. ಲೈಸೆನ್ಸ್ ಬೇಕಾದರೆ ಮತ್ತೆ ಕೆಳಗಿನಿಂದ ಕಲಿತು ಬರಬೇಕು ಎಂದರು. ನಾನೇನು ಅ ಆ ಇ ಈ ಕಲಿಯಬೇಕೇ ಎಂದು ಸಿಟ್ಟಿನಿಂದ ಆ ದಾರಿಯನ್ನೇ ಬಿಟ್ಟು, ರೈಲಿನ ಬಿಡಿಭಾಗಗಳ ಉಗ್ರಾಣವೊಂದರಲ್ಲಿ ಸ್ಟೋರ್‌ಕೀಪರ್ ಆದೆ. ಈಗಲೂ ಅದೇ ಕೆಲಸದಲ್ಲಿದ್ದೇನೆ.

ಮಗಳು ಯೂನಿವರ್ಸಿಟಿಯಲ್ಲಿ ಕಾಮರ್ಸ್ ಓದುತ್ತಿದ್ದಳು. ಎರಡನೇ ವರ್ಷದಲ್ಲಿ ಒಂದು ದಿನ ಊಟಕ್ಕೆ ಕೂತಾಗ, ತಾನು ಓದು ಬಿಟ್ಟು ಎಲೆಕ್ಟ್ರಿಶಿಯನ್ ಅಪ್ರೆಂಟಿಸ್ ಆಗಿ ಸೇರಿರುವುದಾಗಿ ಹೇಳಿದಳು. ಸೇರಿಯಾಗಿತ್ತು, ಕೇಳಿದ್ದಲ್ಲ. ನಾನು ತಟ್ಟೆ ಬಿಟ್ಟು ಎದ್ದೆ. ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ನಮ್ಮ ಕಡೆಯ ಜನಕ್ಕೆ ಇದನ್ನು ಹೇಗೆ ಹೇಳುವುದು? ಎಪ್ಪಿಂಗ್‌ನಲ್ಲಿ ಕನ್ನಡದವರೆಲ್ಲ ಹಬ್ಬಕ್ಕೆ ಸೇರಿದಾಗ ಒಬ್ಬರ ಮಗ ಡಾಕ್ಟರು, ಇನ್ನೊಬ್ಬರ ಮಗಳು ವಕೀಲೆ. ನನ್ನ ಮಗಳು ಮುಂಜಾನೆ ಐದೂವರೆಗೆ ಬೂಟು ಹಾಕಿಕೊಂಡು, ಸೊಂಟಕ್ಕೆ ಕಟಿಂಗ್ ಪ್ಲೇಯರ್ ಸಿಕ್ಕಿಸಿಕೊಂಡು ಯಾರದೋ ಮನೆಯ ಅಟ್ಟ ಹತ್ತಲು ಹೋಗುತ್ತಿದ್ದಳು. ಕೇಳಿದವರಿಗೆ "ಎಲೆಕ್ಟ್ರಿಕಲ್ ಲೈನಿನಲ್ಲಿ ಇದ್ದಾಳೆ" ಎನ್ನುತ್ತಿದ್ದೆ. ಅವರು ಇಂಜಿನಿಯರಿಂಗ್ ಎಂದುಕೊಂಡರೆ ಅಂದುಕೊಳ್ಳಲಿ ಎಂದು ಸುಮ್ಮನಿರುತ್ತಿದ್ದೆ. ಹೆಂಡತಿಗೆ ಇದು ಗೊತ್ತಿತ್ತು. ಕಾರಿನಲ್ಲಿ ಮನೆಗೆ ಬರುವಾಗ "ಇವತ್ತ ಯಾವ ಲೈನಿನ್ಯಾಗ ಇದ್ದಳು ನಿಮ್ಮ ಮಗಳು?" ಎಂದು ಕಾಲೆಳೆಯುತ್ತಿದ್ದಳು.

ಇನ್ನು ಅವ್ವ. ಅವ್ವನಿಗೆ ಎಪ್ಪತ್ತೆಂಟು. ಮೆಲ್ಬರ್ನ್‌ನಲ್ಲಿ ತಮ್ಮನ ಮನೆಯಲ್ಲಿ ಆರು ತಿಂಗಳು, ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಲ್ಲಿ ಆರು ತಿಂಗಳು. ಎರಡೂ ಕಡೆ ಗೆಸ್ಟ್ ರೂಮಿನಲ್ಲಿ, ಸೂಟ್‌ಕೇಸನ್ನು ಪೂರ್ತಿ ಬಿಚ್ಚದೆ ಇರುತ್ತಿದ್ದಳು. ನಮ್ಮ ಹಿತ್ತಲು ದೊಡ್ಡದು. ಅಲ್ಲೊಂದು ಗ್ರ್ಯಾನಿ ಫ್ಲ್ಯಾಟ್ ಕಟ್ಟಿಸೋಣ, ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ಬಚ್ಚಲು, ಅವಳದೇ ಒಂದು ಬಾಗಿಲು ಎಂದು ನಾನೂ ತಮ್ಮನೂ ನಿಶ್ಚಯ ಮಾಡಿದೆವು. ಕೌನ್ಸಿಲಿನ ಕಾಗದಪತ್ರವೆಲ್ಲ ಮುಗಿದು ಗೋಡೆ ಎದ್ದಿತು. ಆಮೇಲೆ ಕರೆಂಟಿನ ಮಾತು ಬಂತು.

ಕೆಲಸ ಮಾಡಲು ಬರುವವನು ಮಗಳ ಬಾಸ್. ಅರವತ್ತರ ಬಿಳಿಯ, ಮಾತು ಕಡಿಮೆ. ಮಗಳ ಅಪ್ರೆಂಟಿಸ್‌ಶಿಪ್ಪಿನ ಕೊನೆಯ ವರ್ಷ ಅದು. ಅವನು ಅವಳಿಗೆ ಹೇಳಿದ್ದನಂತೆ: ಈ ಕೆಲಸದ ಲೋಡ್ ಲೆಕ್ಕ, ಕೇಬಲ್ಲಿನ ಸೈಜು ಎಲ್ಲ ನೀನೇ ತೆಗೆ, ನಾನು ಕೈ ಹಚ್ಚುವುದಿಲ್ಲ. ಸರಿಯಿದ್ದರೆ ಲೈಸೆನ್ಸಿಗೆ ನಿನ್ನನ್ನು ಶಿಫಾರಸು ಮಾಡುತ್ತೇನೆ, ತಪ್ಪಿದ್ದರೆ ಇನ್ನೂ ಆರು ತಿಂಗಳು ನನ್ನ ಹಿಂದೆ ಏಣಿ ಹೊರು. ಮನೆ ಅವಳದು, ಅಜ್ಜಿ ಅವಳ ಅಜ್ಜಿ, ಪರೀಕ್ಷೆಯೂ ಅವಳದೇ. ಮಗಳು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ನಾನು ಮಾಡಿದ್ದೇನು? ಅವಳು ಕೇಳುವ ಮೊದಲೇ ಒಂದು ಹಾಳೆಯ ಮೇಲೆ ಲೆಕ್ಕ ಬರೆದು ಮೇಜಿನ ಮೇಲಿಟ್ಟೆ. ಮೀಟರ್ ಬೋರ್ಡಿನಿಂದ ಗ್ರ್ಯಾನಿ ಫ್ಲ್ಯಾಟಿಗೆ ಹೆಜ್ಜೆ ಹಾಕಿ ಅಳೆದು ಇಪ್ಪತ್ತಾರು ಮೀಟರ್ ಎಂದು ಬರೆದಿದ್ದೆ. ಅವ್ವನ ಮನೆ ಎಳೆಯುವ ಕರೆಂಟು ಒಟ್ಟು ಇಪ್ಪತ್ನಾಲ್ಕು ಆಂಪ್ಸ್. ಆರು ಚದರ ಮಿಲಿಮೀಟರಿನ ಕೇಬಲ್ ಸಾಕು. ಅಂಥದೇ ಒಂದು ಸುರುಳಿ ನಮ್ಮ ಗ್ಯಾರೇಜಿನಲ್ಲಿ ಹತ್ತು ವರ್ಷದಿಂದ ಇತ್ತು, ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ಹೆಂಡತಿ ಬೈದರೂ ಬಿಸಾಕದೆ ಇಟ್ಟುಕೊಂಡಿದ್ದೆ. ಹಾಳೆ ನೋಡಿ ನನಗೇ ಹೆಮ್ಮೆಯಾಯಿತು. ಕೈ ಇನ್ನೂ ಮರೆತಿಲ್ಲ ಅನ್ನಿಸಿತು.

ಮಗಳು ಕೆಲಸದಿಂದ ಬಂದು ಹಾಳೆ ನೋಡಿದಳು. ತನ್ನ ಬ್ಯಾಗಿನಿಂದ ತನ್ನ ಹಾಳೆ ತೆಗೆದು ಪಕ್ಕದಲ್ಲಿಟ್ಟಳು. ಅವಳದರಲ್ಲಿ ನಲವತ್ತೆರಡು ಆಂಪ್ಸ್. ನಲವತ್ತೊಂದು ಮೀಟರ್. ಹದಿನಾರು ಚದರ ಮಿಲಿಮೀಟರಿನ ಕೇಬಲ್.

ನಾನು ನಕ್ಕೆ. ನಗು ಸ್ವಲ್ಪ ಜಾಸ್ತಿಯೇ ಆಯಿತು. ಹದಿನಾರು ಹಾಕುವುದಕ್ಕೆ ಅದೇನು ಫ್ಯಾಕ್ಟರಿಯೇ, ಒಬ್ಬ ಮುದುಕಿ ಇರುವ ಮನೆ ಎಂದೆ. ಮೊದಲು ದೂರದ ಅಳತೆಯ ಜಗಳ. ಅವಳು ನನ್ನನ್ನು ಹಿತ್ತಲಿಗೆ ಕರೆದೊಯ್ದು ಟೇಪು ಹಿಡಿಸಿದಳು. ಕೇಬಲ್ ಕಾಗೆಯ ಹಾಗೆ ನೆಟ್ಟಗೆ ಹಾರುವುದಿಲ್ಲ. ಬೋರ್ಡಿನಿಂದ ಕೆಳಗಿಳಿದು, ಮನೆಯ ಮೂಲೆ ಸುತ್ತಿ, ಶೆಡ್ಡನ್ನು ಬಳಸಿ, ಮತ್ತೆ ಮೇಲೆ ಹತ್ತಬೇಕು. ನಲವತ್ತೊಂದು ಮೀಟರೇ ಆಯಿತು. ಎಷ್ಟೋ ಲೈನ್‌ಮನ್‌ಗಳನ್ನು ಇದೇ ತಪ್ಪಿಗೆ ನಾನು ಎಲ್ಲರ ಮುಂದೆ ಬೈದಿದ್ದೆ. ಟೇಪು ಸುತ್ತಿಕೊಂಡು ಒಳಗೆ ಬಂದೆ.

ಸಣ್ಣ ಪೈಪಿನಲ್ಲಿ ದೂರದ ನಲ್ಲಿಗೆ ನೀರು ಹರಿಸಿದರೆ ಅದು ಹೇಗೆ ಸೊರಗಿ ಬರುತ್ತದೋ, ತೆಳು ಕೇಬಲ್ಲಿನಲ್ಲಿ ವೋಲ್ಟೇಜೂ ಹಾಗೆಯೇ. ದೂರ ಹೆಚ್ಚಾದಷ್ಟೂ, ಎಳೆಯುವ ಕರೆಂಟು ಹೆಚ್ಚಾದಷ್ಟೂ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ನಾಲ್ಕೂವರೆ ವೋಲ್ಟ್ ಇಳಿಯುತ್ತಿತ್ತು. ಅವಳ ಲೆಕ್ಕ ಹಿಡಿದು ನನ್ನ ಕೇಬಲ್ ಹಾಕಿದರೆ ಹನ್ನೆರಡು ದಾಟುತ್ತಿತ್ತು, ಅದು ನಿಯಮಕ್ಕೂ ಮೀರಿದ್ದು. ಆದರೆ ನಲವತ್ತೆರಡು ಎಲ್ಲಿಂದ ಬಂತು? ಒಲೆ, ನೀರಿನ ಹೀಟರ್, ಏಸಿ ಎಲ್ಲ ಒಟ್ಟಿಗೆ ನಡೆದರೆ ಎಂದು ಅವಳು ಹಿಡಿದಿದ್ದಳು. ಅಲ್ಲಿ ನಾನು ಕಾಲೂರಿ ನಿಂತೆ. ಅವ್ವ ಯಾವತ್ತೂ ಎರಡು ಸಾಮಾನು ಒಟ್ಟಿಗೆ ಹಚ್ಚುವವಳಲ್ಲ ಎಂದೆ. ನಮ್ಮ ಹುಬ್ಬಳ್ಳಿ ಮನೆಯ ಶಿಸ್ತು ಅದು. ಮಿಕ್ಸರ್ ಹಚ್ಚುವ ಮೊದಲು ಇನ್ನೊಂದು ಬಂದ್ ಆಗಿರಬೇಕು. ಇಲಾಖೆಯವನ ಮನೆಯೇ ಮಂಜೂರಾದ ಲೋಡ್ ಮೀರಿದರೆ ಊರಿಗೆ ಏನು ಹೇಳುವುದು ಎಂದು ನಾನೇ ಮಾಡಿದ ಕಾನೂನು. ಓಣಿಯಲ್ಲೆಲ್ಲ ಫ್ಯೂಸ್ ಹಾರಿದರೂ ನಮ್ಮ ಮನೆಯಲ್ಲಿ ಒಮ್ಮೆಯೂ ಹಾರಿದ್ದಿಲ್ಲ. ಇದನ್ನು ನಾನು ಎಷ್ಟು ಜನರ ಮುಂದೆ ಎದೆಯುಬ್ಬಿಸಿ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಮಗಳು ನನ್ನ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. ನೀರು ಕಾಯಿಸಲು ನಾನು ಇರುವುದರಲ್ಲೇ ಸಣ್ಣ ಗೀಸರ್ ಹಿಡಿದಿದ್ದೆ. ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದೆ: ಅವ್ವನಿಗೆ ಬಿಸಿ ನೀರು ಆಗುವುದಿಲ್ಲ, ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷದ ಸ್ನಾನ. ಇದು ನಿನಗೆ ಯಾರು ಹೇಳಿದರು ಎಂದು ಕೇಳಿದಳು. ನಲವತ್ತು ವರ್ಷದಿಂದ ನೋಡಿದ್ದೇನೆ, ಹೇಳುವುದು ಯಾರು ಎಂದು ರೇಗಿದೆ. ಅವಳು ವಾದ ಮಾಡಲಿಲ್ಲ. ಶನಿವಾರ ಅಜ್ಜಿಯ ಜೊತೆ ಕೂತು ಕೇಳುತ್ತೇನೆ ಎಂದಳು. ಕೆಲಸಕ್ಕೆ ಮೊದಲು ಮನೆಯಲ್ಲಿ ಇರುವವರ ಇಡೀ ದಿನವನ್ನು ಕೇಳಿ ಬರೆದುಕೊಳ್ಳುವುದು ಅವಳ ಬಾಸ್ ಕಲಿಸಿದ ಪದ್ಧತಿಯಂತೆ. ನಮ್ಮ ಇಲಾಖೆಯಲ್ಲಿ ಯಾರನ್ನೂ ಏನೂ ಕೇಳುವ ಪದ್ಧತಿ ಇರಲಿಲ್ಲ.

ಶನಿವಾರ ಮುಂಜಾನೆ ಇಬ್ಬರೂ ಅಡುಗೆಮನೆಯಲ್ಲಿ ಕೂತರು. ನಾನು ಪಕ್ಕದ ಕೋಣೆಯಲ್ಲಿ ಫೋನು ನೋಡುವವನ ಹಾಗೆ ಕೂತೆ. ಕಿವಿ ಮಾತ್ರ ಅಲ್ಲೇ ಇತ್ತು. ಎಷ್ಟು ಗಂಟೆಗೆ ಏಳುತ್ತೀರಿ, ಎದ್ದ ಕೂಡಲೇ ಏನು ಹಚ್ಚುತ್ತೀರಿ, ರೊಟ್ಟಿ ಮಾಡುವಾಗ ಎರಡು ಒಲೆಯೂ ಬೇಕಾ, ಚಳಿ ಆದರೆ ಏನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳುತ್ತಿದ್ದಳು. ಅವಳ ಕನ್ನಡ ಕುಂಟುತ್ತದೆ, ಆದರೂ ಅಜ್ಜಿಯ ಜೊತೆ ಇಂಗ್ಲಿಷಿಗೆ ಹೋಗುವುದಿಲ್ಲ. ಅವ್ವ ಎಲ್ಲಕ್ಕೂ ಒಂದೇ ಉತ್ತರ ಕೊಡುತ್ತಿದ್ದಳು: ನಿಮ್ಮಪ್ಪ ಹಚ್ಚು ಅಂದರೆ ಹಚ್ಚುತ್ತೇನೆ, ಬೇಡ ಅಂದರೆ ಇಲ್ಲ. ಆಮೇಲೆ ಮಗಳು ನೀರಿನ ಮಾತು ತೆಗೆದಳು.

"ಅಜ್ಜಿ, ನಿಮ್ಗೆ ಬಿಸಿ ನೀರು ಇಷ್ಟ ಇಲ್ವಾ? ಅಪ್ಪ ಹಂಗೆ ಬರ್ದಿದಾರೆ."

ಅವ್ವ ನಕ್ಕಳು. "ಇಷ್ಟ ಇಲ್ಲಂತ ಯಾರಂದ್ರವ್ವಾ? ಮನಿಯಾಗ ಪವರ್ ಪ್ಲಗ್ ಇದ್ದದ್ದ ಒಂದು. ಬಕೀಟಿನ್ಯಾಗ ಕಾಯಿಲ್ ಇಟ್ಟು ನೀರು ಕಾಸ್ತಿದ್ದೆ. ಅರ್ಧ ಕಾಯೂದ್ರಾಗ ನಿಮ್ಮಪ್ಪಗ ಆಫೀಸಿಗೆ ಹೊತ್ತಾಗ್ತಿತ್ತು. ಕಾಯಿಲ್ ತಗದು ಇಸ್ತ್ರಿ ಪೆಟಗಿ ಹಚ್ಚಿ ಅವನ ಅಂಗಿ ಇಸ್ತ್ರಿ ಮಾಡ್ತಿದ್ದೆ. ಆಮ್ಯಾಲೆ ಆ ನೀರ ಹಾಕ್ಕೋತಿದ್ದೆ. ರೂಢಿ ಆತು."

ಮಗಳ ಪೆನ್ನಿನ ಸದ್ದು ನಿಂತಿತು. ಇನ್ನೊಂದು ಪವರ್ ಪ್ಲಗ್ ಹಾಕಿಸು ಎಂದು ಹೆಂಡತಿ ಆಗ ಎಷ್ಟು ಸಲ ಹೇಳಿದ್ದಳು. ಲೋಡ್ ಜಾಸ್ತಿ ಆಗುತ್ತದೆ, ನಮಗೆ ಯಾಕೆ ಬೇಕು ಎಂದು ನಾನೇ ತಳ್ಳಿ ಹಾಕಿದ್ದೆ. ಗರಿಗರಿ ಅಂಗಿ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗಿ ಊರಿಗೆಲ್ಲ ಲೋಡ್ ಮಂಜೂರು ಮಾಡುತ್ತಿದ್ದವನ ಅವ್ವ ಡಿಸೆಂಬರಿನ ಚಳಿಯಲ್ಲಿ ಅರೆ ಕಾದ ನೀರು ಸುರಿದುಕೊಳ್ಳುತ್ತಿದ್ದಳು. ನಾನು ಅದನ್ನು ಅವಳ ಇಷ್ಟ ಎಂದು ತಿಳಿದು, ಹಾಳೆಯಲ್ಲೂ ಬರೆದಿದ್ದೆ. ನಾಚಿಕೆಯಿಂದ ನನ್ನ ಕಿವಿ ಕಾದವು.

ಮಗಳು ನನ್ನ ಹತ್ತಿರ ಬಂದು ನಿಂತಳು. ದನಿ ಎತ್ತರಿಸಲಿಲ್ಲ. ಸಾಮಾನ್ಯವಾಗಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅವತ್ತು ಕನ್ನಡದಲ್ಲೇ ಹೇಳಿದಳು.

"ಅಪ್ಪಾ, ನೀನು ಮನೆ ಲೋಡ್ ಎಣಿಸಿಲ್ಲ. ಅಜ್ಜಿ ಎಷ್ಟು ತಡ್ಕೋತಾರೆ ಅಂತ ಎಣಿಸಿದೀಯ."

ನನಗೆ ಎದುರು ಮಾತಾಡಿದವರನ್ನು ನಾನು ಸುಮ್ಮನೆ ಬಿಟ್ಟ ಇತಿಹಾಸವಿಲ್ಲ. ಆದರೆ ಅವತ್ತು ಎದ್ದು ಹಿತ್ತಲಿಗೆ ಹೋಗಿ, ಇನ್ನೂ ಬಣ್ಣ ಬಳಿಯದ ಆ ಗೋಡೆಗೆ ಒರಗಿ ಬಹಳ ಹೊತ್ತು ನಿಂತೆ. ನಾಚಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಬೆನ್ನಿಗೇ ಇನ್ನೊಂದು ಬಂತು. ನನ್ನ ಮಗಳು ಒಂದು ಶನಿವಾರ ಮುಂಜಾನೆ ಕಂಡದ್ದನ್ನು ನಾನು ನಲವತ್ತು ವರ್ಷ ಕಂಡಿರಲಿಲ್ಲ. ಇಂಥ ಇಂಜಿನಿಯರ್ ನಮ್ಮ ಇಡೀ ಡಿವಿಷನ್ನಿನಲ್ಲಿ ಒಬ್ಬನೂ ಇರಲಿಲ್ಲ. ಹೆಮ್ಮೆಗೆ ಎದೆ ನೋಯುವುದೂ ಉಂಟು ಎಂದು ನನಗೆ ಅವತ್ತೇ ಗೊತ್ತಾದದ್ದು.

ಒಳಗೆ ಬಂದು, ದೊಡ್ಡ ಮನಸ್ಸು ಮಾಡಿದವನ ಹಾಗೆ, "ಆತು, ಹದಿನಾರ ಹಾಕು" ಎಂದೆ.

"ನೀನು ಹೇಳ್ದೆ ಅಂತ ಹಾಕಲ್ಲ ಅಪ್ಪಾ," ಎಂದಳು. "ಲೆಕ್ಕ ಹೇಳ್ತಿದೆ, ಅದಕ್ಕೆ ಹಾಕ್ತೀನಿ."

ಹೆಂಡತಿ ಒಳಗಿನಿಂದ, ಇವಳು ಯಾರ ಮಗಳು ಎಂದು ಇನ್ನು ಯಾರೂ ಕೇಳಬೇಕಾಗಿಲ್ಲ ಎಂದಳು. ಅದು ಬೈಗುಳವೋ ಹೊಗಳಿಕೆಯೋ ನಾನು ಕೇಳಲು ಹೋಗಲಿಲ್ಲ.

ತಂತಿ ಮುಟ್ಟಲು ನನಗೆ ಲೈಸೆನ್ಸ್ ಇಲ್ಲ. ಆದರೆ ಮಣ್ಣು ಅಗೆಯಲು ಈ ದೇಶದಲ್ಲಿ ಯಾರ ಪರವಾನಗಿಯೂ ಬೇಕಿಲ್ಲ. ಕೇಬಲ್ ಹೋಗುವ ಕಾಲುವೆಯನ್ನು ನಾನೇ ತೋಡುತ್ತೇನೆ ಎಂದೆ. ಎರಡು ವಾರಾಂತ್ಯ ಸಲಿಕೆ ಹಿಡಿದೆ. ಕ್ವೇಕರ್ಸ್ ಹಿಲ್‌ನ ಮಣ್ಣು ಜೇಡಿ, ಒಣಗಿದರೆ ಕಲ್ಲು, ನೆನೆದರೆ ಹಲ್ವ. ಮಗಳು ಟೇಪು ಹಿಡಿದು ಬಂದು ಆಳ ನೋಡುತ್ತಿದ್ದಳು. ಅರ್ಧ ಮೀಟರಿಗೆ ಎರಡು ಬೆರಳು ಕಡಿಮೆ ಇದ್ದ ಕಡೆ ಸುಣ್ಣದಲ್ಲಿ ಗೆರೆ ಎಳೆದು, ಮತ್ತೆ ಅಗೆ ಎನ್ನುತ್ತಿದ್ದಳು. ನಾನು ಗೊಣಗಿಕೊಂಡೇ ಅಗೆಯುತ್ತಿದ್ದೆ. ಅವ್ವ ಕುರ್ಚಿ ಹಾಕಿಕೊಂಡು ಮಜ್ಜಿಗೆ ಹಿಡಿದು ಕೂತು, ಆಫೀಸರ ಸಾಹೇಬ್ರು ಕಡೀಕೂ ಒಂದು ಕೆಲಸ ಕಲತ್ರು ಎಂದು ನಗುತ್ತಿದ್ದಳು. ಸೊಂಟ ಹಿಡಿದು ನಾಲ್ಕು ದಿನ ಬಗ್ಗಲು ಆಗಲಿಲ್ಲ. ಆದರೆ ಇಡೀ ಕಾಲುವೆ ಅವಳ ಟೇಪಿನ ಮುಂದೆ ಪಾಸಾಯಿತು, ಕೇಬಲ್ ತೂರಿಸುವ ಕಿತ್ತಳೆ ಬಣ್ಣದ ಪೈಪು ಅದರಲ್ಲಿ ನೆಟ್ಟಗೆ ಮಲಗಿತು.

ಆ ನಡುವೆ ಜೋಳದ ಹಿಟ್ಟು ತರಲು ಹೆಂಡತಿಯ ಜೊತೆ, ನಮ್ಮ ದೇಶದವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಹೋಗಿದ್ದಾಗ ಅಂಗಡಿಯಲ್ಲಿ ಧಾರವಾಡದ ಪರಿಚಯದವರೊಬ್ಬರು ಸಿಕ್ಕರು. ಅವರೂ ಮನೆಯ ಹಿಂದೆ ಗ್ರ್ಯಾನಿ ಫ್ಲ್ಯಾಟ್ ಕಟ್ಟಿಸುವವರು. ಕೇಬಲ್ ಎಷ್ಟರದು ಹಾಕಿಸಬೇಕು, ನೀವು ಇಂಜಿನಿಯರಲ್ಲವೇ, ಒಂದು ಮಾತು ಹೇಳಿ ಎಂದರು. ಹಿಂದಿನ ನಾನಾಗಿದ್ದರೆ ಹಿಟ್ಟಿನ ಚೀಲದ ಮೇಲೇ ಲೆಕ್ಕ ಬರೆದುಕೊಡುತ್ತಿದ್ದೆ. "ನನ್ನ ಕೇಳಬ್ಯಾಡ್ರಿ. ನನ್ನ ಮಗಳು ಎಲೆಕ್ಟ್ರಿಶಿಯನ್ ಅದಾಳ, ಆಕೀನ್ನ ಕೇಳ್ರಿ," ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಅವಳ ನಂಬರ್ ಬರೆದುಕೊಂಡರು. ಮನೆಗೆ ಬರುವಾಗ ಕಾರಿನಲ್ಲಿ ಹೆಂಡತಿ ನನ್ನ ಕಾಲೆಳೆಯಲಿಲ್ಲ, ಕಿಟಕಿಯ ಆಚೆ ನೋಡುತ್ತ ಕೂತಿದ್ದಳು.

ಕರೆಂಟ್ ಕೊಡುವ ದಿನ ಬಾಸ್ ಬಂದ. ಗ್ರ್ಯಾನಿ ಫ್ಲ್ಯಾಟಿನ ಬೋರ್ಡಿನ ಮುಂದೆ ಮಗಳನ್ನು ನಿಲ್ಲಿಸಿ ತಾನು ಕೈಕಟ್ಟಿ ಹಿಂದೆ ನಿಂತ. ನಾನು ಮೀಟರ್ ನೋಡಲು ಮುಂದೆ ಹೋದೆ. ಮಗಳು ಅಂಗೈ ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ನಿಲ್ಲಲು ಹೇಳಿದಳು. ನಿಂತೆ. ಒಂದೊಂದಾಗಿ ಎಲ್ಲವನ್ನೂ ಹಚ್ಚಿದಳು: ಒಲೆ, ನೀರಿನ ಹೀಟರ್, ಏಸಿ, ವಾಷಿಂಗ್ ಮಷೀನ್, ಕಡೆಗೆ ಕೆಟಲ್. ದೀಪ ಕಣ್ಣು ಮಿಟುಕಿಸಲಿಲ್ಲ. ಮನೆಯ ಬೋರ್ಡಿನಲ್ಲಿ ಇನ್ನೂರ ಮೂವತ್ತಾರು ವೋಲ್ಟ್ ಇದ್ದದ್ದು ಇಲ್ಲಿ ಇನ್ನೂರ ಮೂವತ್ತೆರಡು. ನನ್ನ ಕೇಬಲ್ ಹಾಕಿದ್ದರೆ ಎಷ್ಟಿರುತ್ತಿತ್ತು ಎಂದು ಮನಸ್ಸಿನಲ್ಲೇ ಕಳೆದು ನೋಡಿಕೊಂಡೆ. ಬಾಸ್ ತಲೆಯಾಡಿಸಿ, ಶನಿವಾರ ಕಾಗದ ತರುತ್ತೇನೆ ಎಂದು ಹೋದ.

ಶನಿವಾರ ಮುಂಜಾನೆ ಅವ್ವನ ಮೊದಲ ಸ್ನಾನ. ಇಲ್ಲಿ ಜುಲೈ ಅಂದರೆ ಕಡು ಚಳಿ, ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿತ್ತು. ಮಗಳು ಒಲೆಯ ಮೇಲೆ ಚಹಾಕ್ಕೆ ಇಟ್ಟಿದ್ದಳು, ಕೋಣೆಯಲ್ಲಿ ಹೀಟರ್ ನಡೆದಿತ್ತು. ಅವ್ವ ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತು ಒಲೆಯನ್ನೂ ಹೀಟರನ್ನೂ ನನ್ನನ್ನೂ ನೋಡಿದಳು. ಏನನ್ನು ಬಂದ್ ಮಾಡಬೇಕು ಎಂದು ಕೇಳುತ್ತಿದ್ದಾಳೆ ಎಂದು ನನಗೆ ತಿಳಿಯಿತು.

"ಯಾವುದೂ ಬಂದ್ ಮಾಡೂದಿಲ್ಲವ್ವಾ," ಎಂದೆ. "ಸಾವಕಾಶ ಮಾಡ್ಕೋ."

ಐದು ನಿಮಿಷದ ಅವ್ವ ಅವತ್ತು ಅರ್ಧ ತಾಸು ಹೊರಗೆ ಬರಲಿಲ್ಲ. ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು. ಒಳಗೆ ಏನನ್ನೋ ಗುನುಗುತ್ತಿದ್ದಳು, ಅವಳು ಹಾಡುವುದನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತೋ. ಕೆಂಪಗಾದ ಮುಖ ಹೊತ್ತು ಹೊರಗೆ ಬಂದು, ಮೊಮ್ಮಗಳ ತಲೆ ಸವರಿ, ಬೆನ್ನು ಹಗುರಾತು ನೋಡವ್ವಾ ಎಂದಳು. ನಾನು ಚಹಾ ಸೋಸುವ ನೆವದಲ್ಲಿ ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಹತ್ತು ಗಂಟೆಗೆ ಬಾಸ್ ಬಂದ. ಸರ್ಕಾರಕ್ಕೆ ಹೋಗುವ ಸರ್ಟಿಫಿಕೇಟಿಗೆ ಅವನೇ ಸಹಿ ಹಾಕಿದ. ಮಗಳ ಶಿಫಾರಸಿನ ಪತ್ರವನ್ನೂ ಬರೆದು ತಂದಿದ್ದ, ಅದನ್ನು ಅವಳ ಕೈಗಿತ್ತ. ಮಗಳು ಅದನ್ನು ಎರಡು ಸಲ ಓದಿದಳು. ಆಮೇಲೆ ಅವನು ಅವಳ ಲೆಕ್ಕದ ಹಾಳೆಯನ್ನು ನನ್ನ ಮುಂದೆ ಸರಿಸಿ, ನೀನು ಇಂಜಿನಿಯರಂತಲ್ಲ, ಫೈಲಿಗೆ ಹಾಕುವ ಮೊದಲು ಒಮ್ಮೆ ನೋಡುತ್ತೀಯಾ ಎಂದ. ಹತ್ತೊಂಬತ್ತು ವರ್ಷದಲ್ಲಿ ಈ ದೇಶದಲ್ಲಿ ಯಾರೂ ನನ್ನನ್ನು ಇಂಥ ಮಾತು ಕೇಳಿರಲಿಲ್ಲ.

ಕನ್ನಡಕ ಹಾಕಿಕೊಂಡು ಕೂತೆ. ಮಗಳು ಎಂದು ಬಿಡಲಿಲ್ಲ, ಒಂದೊಂದು ಸಾಲನ್ನೂ ಕೂಡಿಸಿ, ಗುಣಿಸಿ, ತಪ್ಪು ಹುಡುಕಿದೆ. ಇಪ್ಪತ್ತು ನಿಮಿಷ ಹುಡುಕಿದೆ. ಸಿಗಲಿಲ್ಲ. ಕೆಳಗೆ ಲೆಕ್ಕ ಮಾಡಿದವರು ಎಂದು ಅವಳ ಹೆಸರಿತ್ತು. ಅದರ ಕೆಳಗೆ ಗೆರೆ ಎಳೆದು, ಪರಿಶೀಲಿಸಿದೆ ಎಂದು ಬರೆದು ಸಹಿ ಹಾಕಿದೆ. ನಮ್ಮ ಇಲಾಖೆಯಲ್ಲಿ ಸಹಿಯ ಕೆಳಗೆ ಹುದ್ದೆ ಬರೆಯದಿದ್ದರೆ ಕಾಗದ ಮುಂದೆ ಹೋಗುವುದಿಲ್ಲ. ಕೈ ಅಭ್ಯಾಸಬಲದಿಂದ ಕೆಳಗಿಳಿದು, ಏನು ಬರೆಯುವುದೆಂದು ನಿಂತಿತು. ಆಮೇಲೆ ಕನ್ನಡದಲ್ಲಿ ಎರಡು ಶಬ್ದ ಬರೆದೆ: ಇವಳ ಅಪ್ಪ.

ಬಾಸ್ ಬಗ್ಗಿ ನೋಡಿ, ಇದೇನು ಬರೆದಿದ್ದಾನೆ ಎಂದು ಮಗಳನ್ನು ಕೇಳಿದ. ಅವಳು ಚಿಕ್ಕವಳಿದ್ದಾಗ ಭಾನುವಾರದ ಕನ್ನಡ ಕ್ಲಾಸಿಗೆ ಒಂದು ವರ್ಷ ಹೋಗಿ ಬಿಟ್ಟವಳು. ಅಕ್ಷರಗಳ ಕೆಳಗೆ ಬೆರಳಿಟ್ಟು, ತುಟಿಯಲ್ಲೇ ಒಂದೊಂದಾಗಿ ಕೂಡಿಸಿಕೊಂಡು ಓದಿದಳು. ಓದಿ ಮುಗಿದ ಮೇಲೂ ಬೆರಳು ತೆಗೆಯಲಿಲ್ಲ.

"ದಟ್ಸ್ ಹಿಸ್ ಡೆಸಿಗ್ನೇಶನ್," ಎಂದಳು, ತಲೆ ಎತ್ತದೆ.